ವಿಕೇಂದ್ರಿತ ಸಮಾಜಜಾಲಗಳಲ್ಲಿ ಹೊಸ ಒಕ್ಕಲು

ಒಬ್ಬನೇ ಯಜಮಾನನ ಅಧೀನದಲ್ಲಿರದೆ, ಸರ್ವರುಗಳೆಂಬ ಅನೇಕ ಸ್ವತಂತ್ರ ಗಣಕಸ್ಥಾನಗಳು ಒಂದು ಸಾಮಾನ್ಯವಾದ ಕಟ್ಟಳೆಗೆ ಒಳಪಟ್ಟು ಪರಸ್ಪರ ವ್ಯವಹರಿಸುವ ಸಮಾಜಜಾಲಕ್ಕೆ ವಿಕೇಂದ್ರಿತ ಜಾಲವೆಂದು ಹೆಸರು. ಒಂದು ಸಂಸ್ಥಾನದ ಅಂಚೆಮನೆಯಲ್ಲಿ ಹಾಕಿದ ಕಾಗದವು ಬೇರೊಂದು ಸಂಸ್ಥಾನದ ಅಂಚೆಮನೆಯನ್ನು ಸೇರುವಂತೆ, ಇಲ್ಲಿ ಒಂದು ಸರ್ವರಿನ ಸದಸ್ಯನು ಬರೆದುದನ್ನು ಇನ್ನೊಂದರ ಸದಸ್ಯನು ಓದಬಹುದು. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದ ಮಾಸ್ಟಡಾನನ್ನು ಜರ್ಮನಿಯ ಯೂಜೆನ್ ರೋಚ್ಕೊ ಎಂಬವರು 2016ರಲ್ಲಿ ಹೊರತಂದರು. ಅದು ಅನುಸರಿಸುವ ‘ಆಕ್ಟಿವಿಟಿಪಬ್’ ಎಂಬ ಕಟ್ಟಳೆಗೆ 2018ರ ಜನವರಿಯಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಮಿನ ಮನ್ನಣೆಯು ದೊರೆಯಿತು.

ಈ ಜಾಲದ ಗುಣದೋಷಗಳು ಎರಡು ವಲಸೆಗಳಲ್ಲಿ ಪರೀಕ್ಷೆಗೆ ಬಂದುವು. 2019ರ ನವೆಂಬರಿನಲ್ಲಿ ಹಿರಿಯ ನ್ಯಾಯವಾದಿ ಸಂಜಯ ಹೆಗ್ಡೆಯವರ ಖಾತೆಯನ್ನು ಟ್ವಿಟರು ತಡೆಹಿಡಿದಾಗ, ಭಾರತದ ಅನೇಕ ಬರೆಹಗಾರರು ಪ್ರತಿಭಟನಾರ್ಥವಾಗಿ ಮಾಸ್ಟಡಾನಿಗೆ ಬಂದರು. 2022ರ ಅಕ್ಟೋಬರಿನಲ್ಲಿ ಇಲಾನ್ ಮಸ್ಕ್ ಟ್ವಿಟರನ್ನು ಕೊಂಡ ಬಳಿಕ ಬಂದ ಪ್ರವಾಹವು ಇನ್ನೂ ದೊಡ್ಡದು. ತಿಂಗಳೊಂದರಲ್ಲಿ ಜಾಲವನ್ನು ಬಳಸುವವರ ಸಂಖ್ಯೆಯು ಸುಮಾರು 3 ಲಕ್ಷದಿಂದ 25 ಲಕ್ಷಕ್ಕೆ ಏರಿತು. ಎರಡು ಸಲವೂ ಬಂದವರಲ್ಲಿ ಅನೇಕರು ಕೆಲವೇ ತಿಂಗಳುಗಳಲ್ಲಿ ಹಿಂತಿರುಗಿದರು. ಹೊಸಬರಿಗೆ ತಾಳ್ಮೆ ಸಾಲದೆಂದು ಹಳಬರೂ, ಜಾಲವು ಜಟಿಲವೆಂದು ಹೊಸಬರೂ ಹೇಳಿದರು. ಈ ಎರಡು ಮಾತುಗಳೂ ಪೂರ್ಣಸತ್ಯವಲ್ಲವೆಂಬುದು ತೊಡಕುಗಳನ್ನು ಒಂದೊಂದಾಗಿ ಪರಿಶೀಲಿಸಿದರೆ ಸ್ಪಷ್ಟವಾಗುವುದು.

ಮೊದಲನೆಯ ತೊಡಕು ಬಾಗಿಲಿನಲ್ಲಿಯೇ ಇರುವುದು. ಹೊಸಬನು ಹೆಸರನ್ನು ಬರೆಯಿಸುವುದಕ್ಕೆ ಮೊದಲೇ ಯಾವ ಸರ್ವರಿನಲ್ಲಿ ಒಕ್ಕಲಾಗಬೇಕೆಂಬುದನ್ನು ನಿಶ್ಚಯಿಸಬೇಕು. ಪ್ರತಿಯೊಂದಕ್ಕೂ ಬೇರೆ ನಿಯಮ, ಬೇರೆ ಮೇಲ್ವಿಚಾರಕರು. ಕೆಲವು ಅರ್ಜಿಯನ್ನು ಕೇಳುವುವು, ಕೆಲವು ಬಾಗಿಲನ್ನೇ ಮುಚ್ಚಿರುವುವು. ಒಂದು ಸರ್ವರು ಇನ್ನೊಂದರ ಸಂಪರ್ಕವನ್ನು ಕಡಿದುಕೊಂಡಿರುವುದೂ ಉಂಟು. ಇದು ಊರನ್ನೇ ನೋಡದವನಿಗೆ ಕೇರಿಯನ್ನು ಆರಿಸಿಕೊಳ್ಳೆಂದು ಹೇಳಿದಂತೆ. ಆರಿಸುವುದಕ್ಕೆ ಬೇಕಾದ ತಿಳಿವಳಿಕೆಯು ಒಳಗೆ ಕೆಲವು ಕಾಲ ಬಾಳಿದ ಮೇಲೆ ಬರತಕ್ಕದ್ದು. ಆಯ್ಕೆಯಾದರೋ ಹೊರಗೆ ನಿಂತಿರುವಾಗಲೇ ಆಗಬೇಕಾದುದು.

ಎರಡನೆಯದು ಪರಿಭಾಷೆಯ ತೊಡಕು. ಸಾಹಿತ್ಯದ ಅಧ್ಯಾಪಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಸರ್ವರಿಗೆ ‘ಇನ್‌ಸ್ಟನ್ಸ್’ ಎಂಬ, ಪ್ರೋಗ್ರಾಮು ಬರೆಯುವವರ ಬಳಕೆಯ ಮಾತು. ಬರೆಹಕ್ಕೆ ಆನೆಯ ಘೀಳನ್ನು ನೆನಪಿಗೆ ತರುವ ‘ಟೂಟ್’ ಎಂಬ ವಿನೋದದ ಮಾತು. ಇಡೀ ಸಮೂಹಕ್ಕೆ ‘ಫೆಡಿವರ್ಸ್’ ಎಂಬ ಬೆರಕೆಯ ಮಾತು. ಕಟ್ಟಿದವರಿಗೆ ಸಲಿಗೆಯನ್ನು ಸೂಚಿಸಿದ ಈ ಪದಗಳೇ, ಆ ಸಲಿಗೆಯಲ್ಲಿ ಪಾಲಿಲ್ಲದವನಿಗೆ ತಾನು ಹೊರಗಿನವನೆಂಬುದನ್ನು ಸಾರಿದುವು. 2022ರ ನವೆಂಬರಿನ ಆವೃತ್ತಿಯಲ್ಲಿ ‘ಟೂಟ್’ ಎಂಬುದನ್ನು ಬಿಟ್ಟು ಸಾಮಾನ್ಯವಾದ ಮಾತನ್ನು ಇರಿಸಿದುದು ಈ ದೋಷವನ್ನು ಒಪ್ಪಿಕೊಂಡಂತೆಯೇ ಆಯಿತು.

ಬಾಗಿಲನ್ನೂ ಪರಿಭಾಷೆಯನ್ನೂ ದಾಟಿದವನಿಗೆ ಎದುರಾಗುವುದು ಬರಿದಾದ ಪಡಸಾಲೆ. ವ್ಯಾಪಾರದ ಜಾಲಗಳು ಹೊಸಬನ ಅಭಿರುಚಿಯನ್ನು ಊಹಿಸಿ ಅವನ ಮುಂದೆ ಬರೆಹಗಳನ್ನು ತಾವಾಗಿಯೇ ರಾಶಿಹಾಕುವುವು. ಮಾಸ್ಟಡಾನಿನ ಮುಖಪುಟದಲ್ಲಿ ಅವನು ತಾನಾಗಿ ಹಿಂಬಾಲಿಸಿದವರ ಮಾತುಗಳು ಮಾತ್ರ ಕಾಲಕ್ರಮದಲ್ಲಿ ಬರುವುವು. ಯಾರನ್ನೂ ಹಿಂಬಾಲಿಸದವನಿಗೆ ಅಲ್ಲಿ ಏನೂ ಇಲ್ಲ. ಬರೆಹಗಳ ಒಳಗಿನ ಮಾತನ್ನು ಹಿಡಿದು ಹುಡುಕುವ ಸೌಕರ್ಯವೂ ಬಹುಕಾಲ ತೀರ ಮಿತವಾಗಿತ್ತು. 2023ರ ಸೆಪ್ಟೆಂಬರಿನ ಆವೃತ್ತಿಯಿಂದೀಚೆಗೆ, ಒಪ್ಪಿಗೆ ಕೊಟ್ಟವರ ಬರೆಹಗಳ ಮಟ್ಟಿಗೆ ಅದು ವಿಸ್ತಾರವಾಯಿತು. ಈ ಮಿತಿಯು ಅಲಕ್ಷ್ಯದಿಂದ ಬಂದುದಲ್ಲ. ದುರ್ಬಲರನ್ನು ಹುಡುಕಿ ಪೀಡಿಸುವವರನ್ನು ತಡೆಯಬೇಕೆಂಬ ಸದುದ್ದೇಶದಿಂದ ಬಂದುದು. ಆದರೆ ಪೀಡಕನಿಗೆ ಕಾಣಬಾರದೆಂದು ಎಳೆದ ತೆರೆಯು ಸ್ನೇಹಿತನನ್ನು ಹುಡುಕುವವನಿಗೂ ತೆರೆಯೇ ಆಯಿತು.

ನಾಲ್ಕನೆಯದು ಬರೆದಿಡದ ಆಚಾರಗಳ ತೊಡಕು. ಮನಸ್ಸನ್ನು ಕಲಕಬಹುದಾದ ವಿಷಯಕ್ಕೆ ಮುನ್ನೆಚ್ಚರಿಕೆಯ ಮರೆಯನ್ನು ಕಟ್ಟಬೇಕೆಂಬುದು ಹಲವು ಸರ್ವರುಗಳ ಸಂಪ್ರದಾಯ. 2022ರ ವಲಸೆಯಲ್ಲಿ ಬಂದ ಅಮೇರಿಕದ ಕಪ್ಪು ಜನರಲ್ಲಿ ಹಲವರು, ಜನಾಂಗದ್ವೇಷದ ತಮ್ಮ ಅನುಭವವನ್ನು ಬರೆದಾಗ ಅದನ್ನೂ ಮರೆಯ ಹಿಂದಿಡಬೇಕೆಂಬ ಉಪದೇಶವನ್ನು ಕೇಳಬೇಕಾಯಿತೆಂದು ಬಹಿರಂಗವಾಗಿ ಆಕ್ಷೇಪಿಸಿದರು. ನೋವನ್ನು ತಪ್ಪಿಸಲು ಹುಟ್ಟಿದ ಆಚಾರವು ನೊಂದವರ ಬಾಯನ್ನು ಮುಚ್ಚುವ ಸಾಧನವಾದುದು ಈ ಜಾಲದ ಚರಿತ್ರೆಯಲ್ಲಿ ಅತ್ಯಂತ ವಿಷಾದಕರವಾದ ಅಂಶ. ಜಾಲವು ಎಲ್ಲರದೂ ಎಂಬ ಮಾತು ಇಂಥ ಎಡೆಯಲ್ಲಿಯೇ ಪರೀಕ್ಷೆಗೆ ಒಳಗಾಗುವುದು.

ಈ ತೊಡಕುಗಳಿಗೆ ಪರಿಹಾರವನ್ನು ಹುಡುಕಿದವರಲ್ಲಿ ಬಹುಮಂದಿ ಬಾಗಿಲನ್ನು ಸುಲಭಮಾಡುವುದರ ಕಡೆಗೇ ಗಮನವನ್ನಿತ್ತರು. 2023ರ ಮೇ ತಿಂಗಳಲ್ಲಿ ಮಾಸ್ಟಡಾನ್ ತನ್ನ ಮೊಬೈಲ್ ಆ್ಯಪುಗಳಲ್ಲಿ ಆಯ್ಕೆಯ ಪ್ರಶ್ನೆಯನ್ನು ಹಿಂದೆ ಸರಿಸಿ, ತಾನೇ ನಡೆಯಿಸುವ ಸರ್ವರನ್ನು ಹೊಸಬರ ಮುಂದಿಟ್ಟಿತು. ಬೇರೊಂದು ಕಟ್ಟಳೆಯ ಮೇಲೆ ನಿಂತಿರುವ ಬ್ಲೂಸ್ಕೈ ಎಂಬ ಜಾಲವು ಮೊದಲಿನಿಂದಲೂ ಈ ದಾರಿಯನ್ನೇ ಹಿಡಿಯಿತು. 2024ರ ಫೆಬ್ರುವರಿಯಲ್ಲಿ ಆಹ್ವಾನವಿಲ್ಲದವರಿಗೂ ಬಾಗಿಲನ್ನು ತೆರೆದ ಆ ಜಾಲದ ಸದಸ್ಯರ ಸಂಖ್ಯೆಯು ಅದೇ ವರ್ಷದ ನವೆಂಬರಿನಲ್ಲಿ 2 ಕೋಟಿಯನ್ನು ದಾಟಿತು. ಪ್ರವೇಶವು ಸುಲಭವಾದುದು ನಿಜ. ಆದರೆ ಸದಸ್ಯರಲ್ಲಿ ಬಹುಪಾಲು ಜನರು ಒಂದೇ ಕಂಪನಿಯ ಮನೆಯಲ್ಲಿ ಸೇರಿದರು. ವಿಕೇಂದ್ರೀಕರಣವು ಕಟ್ಟಳೆಯಲ್ಲಿ ಉಳಿದು, ಬಾಳಿನಲ್ಲಿ ಬಹುಮಟ್ಟಿಗೆ ಅಳಿಯಿತು.

ಹೊಸಬನು ಬಾಗಿಲಿನಲ್ಲಿ ಹಿಂಜರಿಯುವುದೇತಕ್ಕೆ? ಮೊದಲ ಆಯ್ಕೆಯು ತಪ್ಪಾದರೆ ಅದನ್ನು ತಿದ್ದಿಕೊಳ್ಳುವುದು ಕಷ್ಟವಾಗಿರುವುದರಿಂದ. ಮಾಸ್ಟಡಾನಿನಲ್ಲಿ ಸರ್ವರನ್ನು ಬದಲಾಯಿಸಿದಾಗ ಹಿಂಬಾಲಕರನ್ನು ಕರೆದೊಯ್ಯಬಹುದು. ಹಳೆಯ ಬರೆಹಗಳು ಮಾತ್ರ ಅಲ್ಲಿಯೇ ಉಳಿಯುವುವು. ಅಲ್ಲದೆ ಈ ಸಾಗಾಟಕ್ಕೆ ಹಳೆಯ ಸರ್ವರು ಬದುಕಿರಬೇಕು. ‘ಮಾಸ್ಟಡಾನ್.ಲೋಲ್’ ಎಂಬ ಸರ್ವರನ್ನು ಮುಚ್ಚುವುದಾಗಿ 2023ರ ಫೆಬ್ರುವರಿಯಲ್ಲಿ ಅದರ ನಿರ್ವಾಹಕರು ಮುನ್ಸೂಚನೆಯನ್ನು ಕೊಟ್ಟುದರಿಂದ ಸದಸ್ಯರಿಗೆ ಅವಕಾಶ ದೊರೆಯಿತು. ಸೂಚನೆಯಿಲ್ಲದೆ ಮುಚ್ಚಿದೆಡೆ ಅದೂ ಇಲ್ಲ. ಬ್ಲೂಸ್ಕೈಯ ಕಟ್ಟಳೆಯಲ್ಲಾದರೋ ಬರೆಹಗಳನ್ನೂ ಹೊತ್ತೊಯ್ಯುವ ಏರ್ಪಾಡುಂಟು. ಒಂದರಲ್ಲಿ ಮನೆಗಳು ಹಲವಿದ್ದರೂ ಸಾಮಾನು ಸಾಗಿಸುವ ಬಂಡಿಯಿಲ್ಲ. ಇನ್ನೊಂದರಲ್ಲಿ ಬಂಡಿಯಿದ್ದರೂ ಹೋಗಿ ಸೇರಲು ಮನೆಗಳು ವಿರಳ. ಪ್ರವೇಶದ ಸಮಸ್ಯೆಗೆ ಪರಿಹಾರವು ನಿರ್ಗಮನದಲ್ಲಿದೆಯೆಂಬುದು ಈ ತುಲನೆಯಿಂದ ಸಿದ್ಧವಾಗುವುದು. ಬಿಟ್ಟುಹೋಗುವುದು ಸುಲಭವೆಂದು ತಿಳಿದವನು ನಿರ್ಭಯನಾಗಿ ಒಳಹೋಗುವನು. ಆಗ ಯಾವ ಸರ್ವರನ್ನು ಮೊದಲು ತೋರಿಸಿದರೂ ಬಾಧಕವಿಲ್ಲ.

ಕನ್ನಡಿಗರಿಗೆ ಈ ವಿಷಯವು ದೂರದ್ದಲ್ಲ. 2020ರಲ್ಲಿ ಬೆಂಗಳೂರಿನಿಂದ ಹೊರಟು ಕನ್ನಡಕ್ಕೆ ಮೊದಲ ಮಣೆಯನ್ನು ಹಾಕಿದ ‘ಕೂ’ ಎಂಬ ಜಾಲವನ್ನು ಸೇರುವುದಕ್ಕೆ ಮೇಲ್ಕಂಡ ತೊಡಕುಗಳಲ್ಲಿ ಬಹುತೇಕ ಯಾವುವೂ ಇರಲಿಲ್ಲ. ಒಡೆತನವು ಒಂದೇ ಸಂಸ್ಥೆಯದಾಗಿದ್ದುದರಿಂದ, 2024ರ ಜುಲೈಯಲ್ಲಿ ಆ ಸಂಸ್ಥೆಯು ಕೆಲಸವನ್ನು ನಿಲ್ಲಿಸಿದಾಗ ಕೂಟವೇ ಚದುರಿಹೋಯಿತು. ಒಳಬರುವ ಬಾಗಿಲಿನ ಚೆಲುವನ್ನು ಮಾತ್ರ ನೋಡಿ ಮನೆಯನ್ನು ಮೆಚ್ಚುವವರು ಇದನ್ನು ನೆನೆಯಬೇಕು. ಹೊಸಬನ ಕಷ್ಟವನ್ನು ಅವನ ಅಜ್ಞಾನವೆಂದು ತಳ್ಳಿಹಾಕುವ ಹಳಬರೂ ಅಷ್ಟೇ ವಿಚಾರಮಾಡಬೇಕು. ಸ್ವಾತಂತ್ರ್ಯದ ಬೆಲೆಯನ್ನು ಅದರ ರುಚಿಯನ್ನು ಕಾಣುವುದಕ್ಕೆ ಮೊದಲೇ ಕೇಳುವ ಊರಿನಲ್ಲಿ, ಬೆಲೆಯನ್ನು ತೆರಬಲ್ಲವರು ಮಾತ್ರ ಒಕ್ಕಲಾಗಿ ನಿಲ್ಲುವರು. ಅಂಥ ಊರು ಎಲ್ಲರ ಊರೆನಿಸಲಾರದು.