ಅರೆಕಾಲಿಕ ವಕೀಲ-ಬೋಧಕ ಮತ್ತು ಪಾಟೀಸವಾಲಿನ ಪಾಠ

ವಕೀಲಿ ನಡೆಸುತ್ತಿರುವವರು ಬೆಳಗ್ಗೆ ಕೋರ್ಟು ಕೂರುವ ಮುನ್ನ ಅಥವಾ ಸಂಜೆ ಕೋರ್ಟು ಎದ್ದ ಮೇಲೆ ಕಾನೂನು ಕಾಲೇಜಿಗೆ ಬಂದು ಪಾಠ ಹೇಳುವ ರೂಢಿ ಕರ್ನಾಟಕದಲ್ಲಿ ಹಳೆಯದು. ಅದಕ್ಕೆ ಶಾಸನದ ಆಧಾರವೂ ಇದೆ. 1961ರ ವಕೀಲರ ಅಧಿನಿಯಮದ 49ಎ ಕಲಮಿನ ಅಡಿಯಲ್ಲಿ ಕೇಂದ್ರ ಸರ್ಕಾರ 1979ರಲ್ಲಿ ಮಾಡಿದ ನಿಯಮಗಳು, ದಿನಕ್ಕೆ ಮೂರು ಗಂಟೆ ಮೀರದ ಬೋಧನೆಯನ್ನು ಅರೆಕಾಲಿಕ ಉದ್ಯೋಗವೆಂದು ಪರಿಗಣಿಸಿ, ಅದರಿಂದ ವಕೀಲರ ಸನ್ನದಿಗೆ ಬಾಧೆಯಿಲ್ಲವೆಂದು ಹೇಳುತ್ತವೆ. ಪೂರ್ಣಾವಧಿ ಸಂಬಳದ ಪ್ರಾಧ್ಯಾಪಕರು ವಕಾಲತ್ತು ಹಾಕುವಂತಿಲ್ಲವಾದ್ದರಿಂದ, ಕಾಲೇಜಿನ ನಾಲ್ಕು ಗೋಡೆಗಳೊಳಗೆ ಇಂದಿನ ನ್ಯಾಯಾಲಯದ ರೂಢಿಯನ್ನು ಬಲ್ಲ ಏಕೈಕ ವ್ಯಕ್ತಿ ಈ ಅರೆಕಾಲಿಕ ಬೋಧಕನೇ ಆಗಿರುವುದು ಸಾಮಾನ್ಯ. ಆತನಿಂದ ವ್ಯವಸ್ಥೆ ಏನು ಮಾಡಿಸಿಕೊಳ್ಳುತ್ತಿದೆ ಎಂಬುದು ವಿಮರ್ಶೆಗೆ ಯೋಗ್ಯವಾದ ವಿಷಯ.

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ನಾಲ್ಕು ಪ್ರಾಯೋಗಿಕ ಪತ್ರಿಕೆಗಳನ್ನು ಕಡ್ಡಾಯಗೊಳಿಸಿವೆ: ವಾದಪತ್ರ ಮತ್ತು ದಸ್ತಾವೇಜುಗಳ ಕರಡು ರಚನೆ, ವೃತ್ತಿನೀತಿ, ಪರ್ಯಾಯ ವ್ಯಾಜ್ಯ ಪರಿಹಾರ, ಹಾಗೂ ಅಣಕು ನ್ಯಾಯಾಲಯ. ಕರಡು ರಚನೆಯ ಪತ್ರಿಕೆಯಲ್ಲಿ ವಾದಪತ್ರ, ಅರ್ಜಿ ಮುಂತಾದವುಗಳಿಗೆ ಹದಿನೈದು ಅಭ್ಯಾಸಗಳು, ಕ್ರಯಪತ್ರ, ಅಡಮಾನಪತ್ರ ಮುಂತಾದ ದಸ್ತಾವೇಜುಗಳಿಗೆ ಹದಿನೈದು ಅಭ್ಯಾಸಗಳು, ತಲಾ 45 ಅಂಕ, ಮೌಖಿಕ ಪರೀಕ್ಷೆಗೆ 10. ಸಂಖ್ಯೆಯ ದೃಷ್ಟಿಯಿಂದ ಇದು ಉದಾರವಾದ ಯೋಜನೆ. ಆದರೆ ಮೂವತ್ತು ಅಭ್ಯಾಸಗಳನ್ನು ಒಂದು ಸೆಮಿಸ್ಟರಿನಲ್ಲಿ ಮುಗಿಸಬೇಕಾದ ವಿದ್ಯಾರ್ಥಿಗೆ ಮಾದರಿ ಪುಸ್ತಕದಿಂದ ಇಳಿಸಿಕೊಳ್ಳುವುದೇ ಸುಲಭದ ದಾರಿ, ಮತ್ತು ಮಾದರಿ ಪುಸ್ತಕದಲ್ಲಿ ಕಕ್ಷಿದಾರನಿರುವುದಿಲ್ಲ. ವಾದಪತ್ರದಲ್ಲಿ ಮುಖ್ಯ ಸಂಗತಿಗಳಿರಬೇಕೇ ಹೊರತು ಅವುಗಳನ್ನು ರುಜುವಾತುಪಡಿಸುವ ಸಾಕ್ಷ್ಯವಲ್ಲ ಎಂಬ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರನೇ ಆದೇಶದ ಸೂತ್ರ ಬಾಯಿಪಾಠವಾಗುತ್ತದೆ, ಆದರೆ ದಿಕ್ಕುದೆಸೆಯಿಲ್ಲದೆ ಹೇಳಿಕೊಂಡ ಮನುಷ್ಯನ ಮಾತಿನಿಂದ ಆ ಸಂಗತಿಗಳನ್ನು ಹೆಕ್ಕುವ ಕೆಲಸಕ್ಕೆ ಅವಕಾಶವೇ ಬರುವುದಿಲ್ಲ.

ನಾಲ್ಕನೆಯ ಪತ್ರಿಕೆಯ ಅಂಕಗಳ ಹಂಚಿಕೆ ಇನ್ನೂ ಹೆಚ್ಚು ಹೇಳುತ್ತದೆ. ಅಣಕು ನ್ಯಾಯಾಲಯದ ಮೂರು ವಾದಗಳಿಗೆ 30, ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆಯನ್ನು ಕೋರ್ಟಿನಲ್ಲಿ ಕುಳಿತು ನೋಡಿ ದಾಖಲಿಸುವುದಕ್ಕೆ 30, ಕಕ್ಷಿದಾರರ ಸಂದರ್ಶನ ಮತ್ತು ದಾವಾ ಪೂರ್ವ ಸಿದ್ಧತೆಗೆ 30, ಮೌಖಿಕಕ್ಕೆ 10. ಅಣಕು ನ್ಯಾಯಾಲಯವೆಂದರೆ ಸಾಮಾನ್ಯವಾಗಿ ಮೇಲ್ಮನವಿ ನ್ಯಾಯಾಲಯದ ಅನುಕರಣೆ. ಅಲ್ಲಿ ಸಂಗತಿಗಳು ಮುದ್ರಿತವಾಗಿ ಕೈಗೆ ಬರುತ್ತವೆ, ಚರ್ಚೆಯೆಲ್ಲ ಕಾನೂನಿನ ಪ್ರಶ್ನೆಯ ಮೇಲೆ ನಡೆಯುತ್ತದೆ. ಸಾಕ್ಷಿಯನ್ನು ವಿದ್ಯಾರ್ಥಿ ನೋಡುತ್ತಾನೆ, ಅವನ ಬಗ್ಗೆ ಬರೆಯುತ್ತಾನೆ. ಅವನನ್ನು ತಾನೇ ಪ್ರಶ್ನಿಸುವುದಕ್ಕೆ ಮಾತ್ರ ಈ ಪಟ್ಟಿಯಲ್ಲಿ ಪ್ರತ್ಯೇಕ ಅಂಕವಿಲ್ಲ. ಈಜುವವರನ್ನು ದಡದಲ್ಲಿ ಕೂತು ನೋಡಿದ್ದಕ್ಕೆ ಅಂಕ ಕೊಟ್ಟಂತಾಯಿತು. ತಾಲ್ಲೂಕು ನ್ಯಾಯಾಲಯದಲ್ಲಿ ಹೊಸ ವಕೀಲನ ಮೊದಲ ಹತ್ತು ವರ್ಷಗಳು ಬಹುಮಟ್ಟಿಗೆ ಕಳೆಯುವುದು ಸಂಗತಿಗಳ ಜೊತೆಗೆ, ಅಂದರೆ ಮುಖ್ಯ ವಿಚಾರಣೆ ಮತ್ತು ಪಾಟೀಸವಾಲಿನ ಜೊತೆಗೆ ಎಂಬುದನ್ನು ನೆನೆದರೆ, ಇದು ಸಣ್ಣ ಲೋಪವಲ್ಲ.

ಆ ಲೋಪದ ಆಳವನ್ನು ಹೊಲದ ಗಡಿಯ ಒಂದು ಸಾಧಾರಣ ಪ್ರತಿಬಂಧಕಾಜ್ಞೆಯ ದಾವೆಯಿಂದ ಅಳೆಯಬಹುದು. ಪಹಣಿಯ ನಮೂದು ವಿರುದ್ಧವಾದದ್ದು ರುಜುವಾತಾಗುವವರೆಗೆ ನಿಜವೆಂದು ಭಾವಿಸತಕ್ಕದ್ದು ಎನ್ನುವ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೇ ಕಲಮನ್ನು ವಿದ್ಯಾರ್ಥಿ ಉದ್ಧರಿಸಬಲ್ಲ. ಆದರೆ ಒಂಬತ್ತನೇ ಕಾಲಮ್ಮಿನಲ್ಲಿ ಖಾತೆದಾರನ ಹೆಸರೂ ಹನ್ನೆರಡರಲ್ಲಿ ಸಾಗುವಳಿದಾರನ ಹೆಸರೂ ಬೇರೆಬೇರೆಯಾಗಿದ್ದರೆ ವಾದಿಯನ್ನು ಯಾವ ಕ್ರಮದಲ್ಲಿ ಪ್ರಶ್ನಿಸಬೇಕು, ಯಾವ ಉತ್ತರ ಬಂದ ಕೂಡಲೇ ಬಾಯಿ ಮುಚ್ಚಿಕೊಳ್ಳಬೇಕು ಎಂಬುದು ಕಲಮುಗಳಿಂದ ತಿಳಿಯುವುದಿಲ್ಲ. ಹಿಂದಿನ ಲಿಖಿತ ಹೇಳಿಕೆಯನ್ನು ಸಾಕ್ಷಿಯ ಮುಂದೆ ಹಿಡಿದು ವಿರೋಧಾಭಾಸ ತೋರಿಸುವ ವಿಧಿ 1872ರ ಸಾಕ್ಷ್ಯ ಅಧಿನಿಯಮದಲ್ಲಿ 145 ಆಗಿದ್ದುದು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 148 ಆಗಿದೆ. ಸಂಖ್ಯೆ ಬದಲಾದದ್ದನ್ನು ತರಗತಿ ಬೇಗ ಕಲಿಸುತ್ತದೆ, ಹೇಳಿಕೆಯ ಯಾವ ಸಾಲನ್ನು ಯಾವಾಗ ಓದಿಸಬೇಕೆಂಬುದನ್ನು ಕಲಿಸುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 2002ರ ತಿದ್ದುಪಡಿಯ ನಂತರ ಸಿವಿಲ್ ದಾವೆಗಳಲ್ಲಿ ಮುಖ್ಯ ವಿಚಾರಣೆಯೇ ಪ್ರಮಾಣಪತ್ರದ ರೂಪದಲ್ಲಿ ಬರುವುದರಿಂದ, ಸಾಕ್ಷಿಯ ಬಾಯಿಂದ ನೇರವಾಗಿ ಹೊರಡುವ ಮಾತು ಉಳಿದಿರುವುದು ಹೆಚ್ಚಾಗಿ ಪಾಟೀಸವಾಲಿನಲ್ಲಿ ಮಾತ್ರ.

ಇಲ್ಲಿ ಅರೆಕಾಲಿಕ ಬೋಧಕನ ಬಲವೂ ಮಿತಿಯೂ ಒಟ್ಟಿಗೇ ಕಾಣುತ್ತವೆ. ತಾನು ಗೆದ್ದ ಮೊಕದ್ದಮೆಗಳ ಕಥನದಲ್ಲಿ ರಸವಿರುತ್ತದೆ, ವಿದ್ಯಾರ್ಥಿಗಳಿಗೆ ಅದು ಪ್ರಿಯವೂ ಹೌದು; ಆದರೆ ಕೇಳಿದ ಕಥೆಯಿಂದ ಕೌಶಲ ಬರುವಂತಿದ್ದರೆ ಸೀನಿಯರುಗಳ ಚೇಂಬರಿನಲ್ಲಿ ಸಂಜೆ ಕೂತವರೆಲ್ಲ ಸಮರ್ಥರಾಗಬೇಕಿತ್ತು. ಅಮೆರಿಕದಲ್ಲಿ 1971ರಲ್ಲಿ ಆರಂಭವಾದ ರಾಷ್ಟ್ರೀಯ ವಿಚಾರಣಾ ವಕಾಲತ್ತು ಸಂಸ್ಥೆ ಬೆಳೆಸಿದ ಪದ್ಧತಿ ಇದಕ್ಕೆ ತದ್ವಿರುದ್ಧ: ವಿದ್ಯಾರ್ಥಿ ಮಾಡಿ ತೋರಿಸುತ್ತಾನೆ, ಬೋಧಕ ಒಂದೇ ದೋಷವನ್ನು ಆರಿಸಿ ತಿದ್ದುತ್ತಾನೆ. ಆಸ್ಟ್ರೇಲಿಯಾದ ಜಾರ್ಜ್ ಹ್ಯಾಂಪೆಲ್ ಹೆಸರಿನ ಕ್ರಮದಲ್ಲಿ ಈ ತಿದ್ದುವಿಕೆಗೆ ಆರು ಮೆಟ್ಟಿಲುಗಳಿವೆ. ದೋಷವನ್ನು ಹೆಸರಿಸುವುದು, ವಿದ್ಯಾರ್ಥಿ ಆಡಿದ ಮಾತನ್ನೇ ಅಕ್ಷರಶಃ ಮರಳಿ ಓದುವುದು, ಕಾರಣ ಹೇಳುವುದು, ಪರಿಹಾರ ಸೂಚಿಸುವುದು, ಬೋಧಕನೇ ಮಾಡಿ ತೋರಿಸುವುದು, ವಿದ್ಯಾರ್ಥಿಯಿಂದ ಮತ್ತೆ ಮಾಡಿಸುವುದು. ಎರಡನೆಯ ಮೆಟ್ಟಿಲೇ ಅತ್ಯಂತ ಕಠಿಣ, ಏಕೆಂದರೆ ಅದಕ್ಕಾಗಿ ಬೋಧಕ ಮಾತು ನಿಲ್ಲಿಸಿ ಬರೆದುಕೊಳ್ಳುತ್ತ ಕೂರಬೇಕು. ಮಾತೇ ವೃತ್ತಿಯಾದವರಿಗೆ ಇದು ಸಣ್ಣ ತ್ಯಾಗವಲ್ಲ. ನೂರು ಜನರ ತರಗತಿಯಲ್ಲಿ ಈ ಕ್ರಮ ಅಸಾಧ್ಯ. ಎಂಟು ಹತ್ತು ಜನರ ಗುಂಪುಗಳಿಗೆ ಅದು ಸಾಧ್ಯ, ಮತ್ತು ಅಷ್ಟು ಗುಂಪುಗಳಿಗೆ ಅಷ್ಟು ಮಂದಿ ವಕೀಲರು ಬೇಕೆಂದರೆ ಅರೆಕಾಲಿಕ ವ್ಯವಸ್ಥೆಯೊಂದೇ ದಾರಿ.

ಕನ್ನಡದ ಪ್ರಶ್ನೆ ಇದರೊಂದಿಗೇ ಹೆಣೆದುಕೊಂಡಿದೆ. ಅಣಕು ನ್ಯಾಯಾಲಯದ ಸ್ಪರ್ಧೆಗಳು ಬಹುಪಾಲು ಇಂಗ್ಲಿಷಿನಲ್ಲಿ ನಡೆದರೆ, ಅಧೀನ ನ್ಯಾಯಾಲಯದ ಸಾಕ್ಷಿ ಮಾತನಾಡುವುದು ಕನ್ನಡದಲ್ಲಿ, ಅದರಲ್ಲೂ ತನ್ನ ಸೀಮೆಯ ಕನ್ನಡದಲ್ಲಿ. ವಕೀಲ ಮುಂದಿಟ್ಟ ಸೂಚನೆಯನ್ನು ಸಾಕ್ಷಿ ನಿರಾಕರಿಸಿದಾಗ ಪ್ರಶ್ನೆಯೂ ಉತ್ತರವೂ ಒಂದೇ ವಾಕ್ಯವಾಗಿ, ‘ಎಂದರೆ ಸರಿಯಲ್ಲ’ ಎಂಬ ಮುಕ್ತಾಯದೊಂದಿಗೆ ಹೇಳಿಕೆಗೆ ಸೇರುತ್ತದೆ. ಪ್ರಶ್ನೆ ತೊಡಕಾಗಿದ್ದರೆ ಆ ವಾಕ್ಯವೂ ತೊಡಕಾಗುತ್ತದೆ. ಎರಡು ಸಂಗತಿಗಳನ್ನು ಒಂದೇ ಪ್ರಶ್ನೆಯಲ್ಲಿ ಕಟ್ಟಿದ್ದರೆ ಸಾಕ್ಷಿ ನಿರಾಕರಿಸಿದ್ದು ಯಾವುದನ್ನು ಎಂಬುದು ಮೇಲ್ಮನವಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ನಿರ್ಣಾಯಕ ಉತ್ತರವೊಂದನ್ನು ಪ್ರಶ್ನೋತ್ತರ ರೂಪದಲ್ಲೇ ದಾಖಲಿಸುವಂತೆ ಕೋರಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಹದಿನೆಂಟನೇ ಆದೇಶದ ಹತ್ತನೇ ನಿಯಮ ಅವಕಾಶ ಕೊಡುತ್ತದೆ ಎಂಬುದನ್ನೂ, ಹಾಗೆ ಕೋರುವ ಸಮಯಪ್ರಜ್ಞೆಯನ್ನೂ, ದಿನವೂ ಕಟಕಟೆಯ ಪಕ್ಕ ನಿಲ್ಲುವವರು ಕಲಿಸಿದಷ್ಟು ಚೆನ್ನಾಗಿ ಬೇರೆ ಯಾರೂ ಕಲಿಸಲಾರರು. ಅಂಥವರನ್ನು ಕರೆದು ಇಂಗ್ಲಿಷಿನ ಮೇಲ್ಮನವಿ ವಾದಕ್ಕೆ ತೀರ್ಪುಗಾರರನ್ನಾಗಿ ಕೂರಿಸುವುದು ಅವರ ವಿದ್ಯೆಯ ದುರ್ಬಳಕೆ.

ಕಾಲೇಜಿನಲ್ಲಾಗದ್ದನ್ನು ಹೊರಗೆ ಸರಿಪಡಿಸುವ ಯತ್ನಗಳು ಆಗಾಗ ನಡೆದಿವೆ. ಸನ್ನದಿಗೆ ಮುಂಚೆ ಒಂದು ವರ್ಷದ ತರಬೇತಿ ಬೇಕೆಂಬ ಪರಿಷತ್ತಿನ 1995ರ ನಿಯಮಗಳನ್ನು ಸುಪ್ರೀಂ ಕೋರ್ಟು 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ರದ್ದುಗೊಳಿಸಿತು. ಆ ತೀರ್ಪು ಸರಿಯಲ್ಲವೆಂದು 2023ರಲ್ಲಿ ಸಂವಿಧಾನ ಪೀಠ ಹೇಳಿತು. ನ್ಯಾಯಾಧೀಶರ ಪ್ರವೇಶ ಹುದ್ದೆಗೆ ಮೂರು ವರ್ಷದ ವಕೀಲಿ ಅನುಭವ ಬೇಡವೆಂಬ, ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗದ ಶಿಫಾರಸನ್ನು 2002ರಲ್ಲಿ ಒಪ್ಪಿದ್ದ ಅದೇ ನ್ಯಾಯಾಲಯ, 2025ರ ಮೇ 20ರಂದು ಆ ಷರತ್ತನ್ನು ಮರಳಿ ತಂದಿತು. ಆ ತೀರ್ಪಿನ ಪ್ರಕಾರ ಅನುಭವದ ಲೆಕ್ಕ ತಾತ್ಕಾಲಿಕ ನೋಂದಣಿಯ ದಿನದಿಂದ ಶುರುವಾಗುತ್ತದೆ. ಕಾಲೇಜಿನ ನಾಲ್ಕು ಪ್ರಾಯೋಗಿಕ ಪತ್ರಿಕೆಗಳ ಒಂದು ದಿನವೂ ಅದರಲ್ಲಿ ಸೇರುವುದಿಲ್ಲ.