ಮುಳ್ಳಿಲ್ಲದ ರೇಡಿಯೋ

ಅಣ್ಣ ನ್ಯೂಜೆರ್ಸಿಯಿಂದ 2010ರಲ್ಲಿ ರಜೆಗೆ ಬಂದಾಗ ಅವನ ಎರಡು ಸೂಟ್‌ಕೇಸುಗಳಲ್ಲಿ ಒಂದನ್ನು ಪೂರ್ತಿ ನುಂಗಿಕೊಂಡು ಬಂದದ್ದು ಈ ಪೆಟ್ಟಿಗೆ. ನೆತ್ತಿಯ ಮೇಲೊಂದು ಹಿಡಿ, ಎಡಬಲದಲ್ಲಿ ತಿಂಡಿ ತಟ್ಟೆಯಷ್ಟಗಲದ ಸ್ಪೀಕರುಗಳು, ಅವುಗಳ ಮೇಲೆ ಇನ್ನೆರಡು ಚಿಕ್ಕವು, ಬೆಳ್ಳಿ ಬಣ್ಣದ ಗುಂಡಿಗಳ ಸಾಲು. ಕ್ಯಾಸೆಟ್ ಇರಬೇಕಾದ ಜಾಗದಲ್ಲಿ ಮಾತ್ರ ಐಪಾಡ್ ಕೂರಿಸುವ ಪುಟ್ಟ ಗೂಡು. ‘ಕಾಣ್, ನಮ್ ಮನಿ ಟು-ಇನ್-ಒನ್ ಮತ್ತೆ ಹುಟ್ಟಿ ಬಂತ್’ ಅಂದ. ಅವನ ಹಳೆಯ ಐಪಾಡನ್ನೂ ಜೊತೆಗೇ ಕೊಟ್ಟ. ನನಗೆ ಆ ಕ್ಷಣ ಹೌದೆನ್ನಿಸಿತ್ತು. ಇಷ್ಟು ವರ್ಷ ಅದರೊಂದಿಗೆ ಬಾಳಿದ ಮೇಲೆ ಅಷ್ಟು ಸುಲಭವಾಗಿ ತಲೆಯಾಡಿಸಲಾರೆ.

ಇಂಥ ಪೆಟ್ಟಿಗೆಗಳದೇ ಒಂದು ಕುಲವಿದೆ. ಲ್ಯಾಸೋನಿಕ್ ಕಂಪನಿ 1980ರ ದಶಕದ ತನ್ನದೇ ಟಿಆರ್‌ಸಿ-931 ಬೂಮ್‌ಬಾಕ್ಸಿನ ರೂಪಕ್ಕೆ ಐಪಾಡ್ ಜೋಡಿಸಿ ‘ಐ931’ ಎಂದು ಮತ್ತೆ ಮಾರಿತು. ಬೇರೆಯವರೂ ಅಂಥವನ್ನು ತಂದರು. ಅವೆಲ್ಲ ನೆನಪಿಸಲು ಹೊರಟಿರುವುದು ನ್ಯೂಯಾರ್ಕಿನ ಬೀದಿಯನ್ನು. ಅಲ್ಲಿ ಹಿಪ್‌ಹಾಪ್ ಹುಡುಗರು ಈ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು, ಬೀದಿಗೆಲ್ಲ ಕೇಳುವಂತೆ ಹಾಡು ಹಾಕಿಕೊಂಡು ನಡೆದರು. ಎಲ್‌ಎಲ್ ಕೂಲ್ ಜೆ 1985ರಲ್ಲಿ ತನ್ನ ಮೊದಲ ಆಲ್ಬಮ್ಮಿಗೆ ‘ರೇಡಿಯೋ’ ಎಂದೇ ಹೆಸರಿಟ್ಟು, ಹೊದಿಕೆಯ ಮೇಲೆ ತನ್ನ ಮುಖದ ಬದಲು ಜೆವಿಸಿ ಬೂಮ್‌ಬಾಕ್ಸನ್ನು ತೋರಿಸಿದ. ಸ್ಪೈಕ್ ಲೀಯ ‘ಡು ದ ರೈಟ್ ಥಿಂಗ್’ (1989) ಚಿತ್ರದಲ್ಲಂತೂ ರೇಡಿಯೋ ರಹೀಮ್ ತನ್ನ ಪೆಟ್ಟಿಗೆಯ ದನಿ ತಗ್ಗಿಸಲು ಒಪ್ಪುವುದಿಲ್ಲ. ಪಿಜ್ಜಾ ಅಂಗಡಿಯವನು ಬ್ಯಾಟಿನಿಂದ ಅದನ್ನು ಚಚ್ಚಿ ಹಾಕುತ್ತಾನೆ. ಜಗಳ ಬೆಳೆದು ಪೊಲೀಸರ ಕೈಯಲ್ಲಿ ರಹೀಮನ ಪ್ರಾಣ ಹೋಗುತ್ತದೆ. ಜೋರು ಸದ್ದು ಅಲ್ಲಿ ‘ನಾನೂ ಇಲ್ಲಿದ್ದೇನೆ’ ಎಂಬ ಹಕ್ಕೊತ್ತಾಯ. ಹೊಸ ಪೆಟ್ಟಿಗೆ ಆ ಹೆಗಲನ್ನು ಬಿಟ್ಟು ಹಿಡಿಯನ್ನಷ್ಟೇ ಉಳಿಸಿಕೊಂಡಿದೆ.

ನಮ್ಮ ಕುಂದಾಪುರದ ಕಡೆ ಅದು ಹೆಗಲೇರಿದ್ದೇ ಇಲ್ಲ. ಕೊಲ್ಲಿ ದೇಶಗಳಿಂದ ರಜೆಗೆ ಬಂದವರು ಅತ್ತರು, ಟಾರ್ಚುಗಳ ಜೊತೆ ತಂದ ನ್ಯಾಷನಲ್ ಪ್ಯಾನಾಸೋನಿಕ್ ಟು-ಇನ್-ಒನ್ ಚಾವಡಿಯ ಮೇಜಿನ ಮೇಲೆ ಕ್ರೋಶಾ ಹೊದಿಕೆ ಹೊದ್ದು ಕೂತಿರುತ್ತಿತ್ತು. ಮಕ್ಕಳು ಮುಟ್ಟುವಂತಿರಲಿಲ್ಲ. ದುಬೈ ಚಿಕ್ಕಪ್ಪ ತಂದುಕೊಟ್ಟ ನಮ್ಮನೆಯದರ ನಿಜವಾದ ಉಪಯೋಗ ಹಾಡು ಕೇಳುವುದಕ್ಕಿಂತ ಹಿಡಿದಿಡುವುದರಲ್ಲಿತ್ತು. ಮಂಗಳೂರು ಆಕಾಶವಾಣಿಯಲ್ಲಿ ತಾಳಮದ್ದಳೆ ಶುರುವಾಯಿತೆಂದರೆ ಅಪ್ಪಯ್ಯ ಕೆಂಪು ಗುಂಡಿಯನ್ನೂ ಪಕ್ಕದ ಗುಂಡಿಯನ್ನೂ ಒಟ್ಟಿಗೆ ಒತ್ತಿ, ತುಟಿಯ ಮೇಲೆ ಬೆರಳಿಟ್ಟು ನಮ್ಮೆಲ್ಲರನ್ನೂ ಸುಮ್ಮನಾಗಿಸುತ್ತಿದ್ದರು. 90 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು 45 ನಿಮಿಷಕ್ಕೆ ಮುಗಿಯುವುದರಿಂದ ಕರ್ಣನ ಅರ್ಥ ಎಷ್ಟೋ ಸಲ ವಾಕ್ಯದ ನಡುವೆ ತುಂಡಾಗಿ, ಮಗ್ಗುಲು ಬದಲಾದ ಮೇಲೆ ಕೃಷ್ಣನ ಉತ್ತರವೇ ಬರುತ್ತಿತ್ತು. ಚೆನ್ನಾಗಿ ಬಂದ ಪ್ರಸಂಗ ಅಳಿಸಿಹೋಗದಿರಲೆಂದು ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಚೂರನ್ನು ಮುರಿಯುವುದು. ಮುಂದೊಂದು ದಿನ ಮನಸ್ಸು ಬದಲಾದರೆ ಅದೇ ತೂತಿಗೆ ಅಂಟುಪಟ್ಟಿ ಹಚ್ಚುವುದು.

ಅಣ್ಣ ತಂದ ಪೆಟ್ಟಿಗೆಯಲ್ಲಿ ಆ ಕೆಂಪು ಗುಂಡಿ ಇದೆ, ಕೆಂಪಾಗಿಯೇ ಇದೆ. ಒತ್ತಿದರೆ ಸ್ಪೀಕರಿನ ಸುತ್ತ ದೀಪ ಹತ್ತುತ್ತದೆ. ಹಳೆಯದನ್ನು ನಕಲು ಮಾಡಿದವರು ಗುಂಡಿಯ ಬಣ್ಣ ನೋಡಿದರೇ ಹೊರತು ಅದರ ಕೆಲಸ ನೋಡಲಿಲ್ಲ. ನನ್ನ ಮುಖ್ಯ ತಕರಾರು ಇದೇ. ಟು-ಇನ್-ಒನ್ ಊರಿನ ದನಿಯನ್ನು ಒಳಗೆ ತೆಗೆದುಕೊಳ್ಳಬಲ್ಲ ಯಂತ್ರವಾಗಿತ್ತು; ಇದಕ್ಕೆ ಬಾಯಷ್ಟೇ ಇದೆ, ಕಿವಿಯಿಲ್ಲ.

ಬಾಯಿಯಾದರೂ ಹೇಗಿದೆ? ಗಟ್ಟಿಯಾಗಿದೆ. ತಬಲಾದ ಎಡ ಗುಮ್ಮೆನ್ನುತ್ತದೆ, ಮದ್ದಳೆ ಎಷ್ಟು ಬಾರಿಸಿದರೂ ಅದೇ ಗುಮ್ಮು. ಪಿ.ಬಿ. ಶ್ರೀನಿವಾಸರ ಮೆಲುದನಿ ಮಾತ್ರ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಒಮ್ಮೆ ಧೂಳು ತೆಗೆಯಲು ಹಿಂಬದಿ ಬಿಚ್ಚಿದಾಗ ಕಾರಣ ತಿಳಿಯಿತು: ಮೇಲಿನ ಎರಡು ಚಿಕ್ಕ ಸ್ಪೀಕರುಗಳ ಹಿಂದೆ ಏನೂ ಇಲ್ಲ. ಬರೀ ಜಾಲರಿ. ಆಮೇಲೆ ನೆಂಟರು ‘ಓಹೋ, ನಾಲ್ಕು ಸ್ಪೀಕರು’ ಅಂದಾಗಲೆಲ್ಲ ನಾನು ಕಾಫಿಯ ಮಾತು ತೆಗೆಯುತ್ತೇನೆ.

ರೇಡಿಯೋ ಕಥೆ ಇನ್ನೂ ಸ್ವಾರಸ್ಯದ್ದು. ಎಫ್‌ಎಂ ಚೆನ್ನಾಗಿದೆ, ಬೆಂಗಳೂರಿನ ವಿವಿಧ ಭಾರತಿ 102.9ರಲ್ಲಿ ಸ್ಪಷ್ಟವಾಗಿ ಬರುತ್ತದೆ. ಆದರೆ ಮೀಡಿಯಂ ವೇವ್‌ನಲ್ಲಿ ಅಮೆರಿಕದ ನಿಲ್ದಾಣಗಳು 10 ಕಿಲೋಹರ್ಟ್ಸ್‌ಗೊಂದರಂತೆ ಇವೆ, ನಮ್ಮವು 9ಕ್ಕೊಂದರಂತೆ. ಅಲ್ಲಿಗೆಂದೇ ಮಾಡಿದ ಈ ಡಿಜಿಟಲ್ ಟ್ಯೂನರು ಹತ್ತರ ಮಗ್ಗಿಯನ್ನು ಮಾತ್ರ ಬಲ್ಲದು. ಬೆಂಗಳೂರು ಆಕಾಶವಾಣಿಯದು 612, ಇದು 610ಕ್ಕೆ ನಿಲ್ಲುತ್ತದೆ, ಇಲ್ಲವೇ 620ಕ್ಕೆ ಜಿಗಿಯುತ್ತದೆ. ಧಾರವಾಡದ 765 ಸರಿಯಾಗಿ ಎರಡು ಮೆಟ್ಟಿಲ ನಡುವೆ ಬಿದ್ದುಹೋಗಿದೆ. ಹಳೆಯ ಟು-ಇನ್-ಒನ್ನಿನ ಮುಳ್ಳಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ತಿರುಗಿಸುತ್ತ ಹೋದರೆ ಬೇಕಾದ ಕಡೆ ನಿಲ್ಲುತ್ತಿತ್ತು, ನಡುವೆ ಸಿಲೋನ್ ಸಿಕ್ಕರೆ ಅಲ್ಲೂ ಸ್ವಲ್ಪ ಹೊತ್ತು ಕೂರುತ್ತಿತ್ತು. ಕರೆಂಟಿನದೂ ಅದೇ ಪಾಡು: ಅವರದು 120 ವೋಲ್ಟು, ನಮ್ಮದು 230. ಹಾಗಾಗಿ ಇಟ್ಟಿಗೆಯಂಥ ಒಂದು ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಕೂತು ಶ್ರುತಿ ಹಿಡಿದಿರುತ್ತದೆ. ಬೇಡವೆಂದರೆ ಎಂಟು ದೊಡ್ಡ ಸೆಲ್ಲು.

ಈ ಪೆಟ್ಟಿಗೆಯಲ್ಲಿ ಮೊದಲು ಮುದಿಯಾದದ್ದು ಅದರ ಹೊಸತನ. ಹಿಡಿ ಗಟ್ಟಿಯಾಗಿದೆ, ಗುಂಡಿಗಳು ತಿರುಗುತ್ತಿವೆ. ಸತ್ತದ್ದು ಐಪಾಡಿನ ಗೂಡು. ಅದರೊಳಗಿನ 30 ಪಿನ್ನುಗಳ ಕೊಂಡಿಯನ್ನು ಆ್ಯಪಲ್ 2012ರಲ್ಲಿ ಐಫೋನ್ 5ರೊಂದಿಗೆ ಕೈಬಿಟ್ಟಿತು. ಐಪಾಡ್ ಎಂಬುದನ್ನೇ 2022ರಲ್ಲಿ ನಿಲ್ಲಿಸಿತು. ಅಣ್ಣ ಕೊಟ್ಟ ಐಪಾಡಿನ ಬ್ಯಾಟರಿ ಅದಕ್ಕೂ ಮೊದಲೇ ಕಣ್ಣು ಮುಚ್ಚಿತ್ತು. ಫಿಲಿಪ್ಸ್ 1963ರಲ್ಲಿ ತಂದ ಕ್ಯಾಸೆಟ್ಟಿನ ಅಳತೆ ಕೊನೆಯವರೆಗೂ ಬದಲಾಗಲಿಲ್ಲ. ಅಪ್ಪಯ್ಯ ಹಿಡಿದಿಟ್ಟ ತಾಳಮದ್ದಳೆಗಳು ಯಾರದೇ ಹಳೆಯ ಯಂತ್ರ ಸಿಕ್ಕಿದರೂ ಇಂದಿಗೂ ಓಡುತ್ತವೆ.

ಹಾಗಂತ ಇದನ್ನು ಅಟ್ಟಕ್ಕೆ ಏರಿಸಿಲ್ಲ. ಫೋನಿನ ಹಾಡು ಫೋನಿನವನೊಬ್ಬನದು. ಈ ಪೆಟ್ಟಿಗೆಯಿಂದ ಹೊರಟದ್ದು ಅಡುಗೆಮನೆಗೂ ಕೇಳುತ್ತದೆ, ಅಲ್ಲಿಂದ ‘ಸಣ್ಣ ಮಾಡ್ರೀ’ ಎಂಬ ಉತ್ತರವೂ ಬರುತ್ತದೆ. ಬೆನ್ನಿನಲ್ಲಿರುವ ಆಕ್ಸ್ ತೂತಿಗೆ ವೈರು ಚುಚ್ಚಿದರೆ ನನ್ನ ಫೋನ್ ಹಾಡುತ್ತದೆ. ತಯಾರಕರು ಬೇಕೋ ಬೇಡವೋ ಎಂಬಂತೆ ಮೂಲೆಯಲ್ಲಿ ಕೊರೆದ ಆ ತೂತೇ ಇಡೀ ಪೆಟ್ಟಿಗೆಯನ್ನು ಉಳಿಸಿದೆ. ಮಗನ ಫೋನಿಗೆ ಮಾತ್ರ ಅದಕ್ಕೆ ತಕ್ಕ ತೂತಿಲ್ಲ, ನಡುವೆ ಒಂದು ಬೆರಳುದ್ದದ ಅಡಾಪ್ಟರ್ ಬೇಕು. ಅದು ಕಳೆದುಹೋಗದಿರಲೆಂದು ಐಪಾಡಿನ ಗೂಡಿನಲ್ಲಿ ಇಟ್ಟಿದ್ದೇನೆ. ಅಳತೆ ಸರಿಯಾಗಿ ಕೂತಿದೆ.