ಆ ಐದು ಪುಟ ಯಾರದು?

ಸ್ಟ್ಯಾನ್ ಲೀ 2018ರ ನವೆಂಬರಿನಲ್ಲಿ ತೀರಿಕೊಂಡಾಗ ಸ್ಪೈಡರ್‌ಮ್ಯಾನ್‌ನ ಸೃಷ್ಟಿಕರ್ತ ಹೋದನೆಂದು ಲೋಕವೆಲ್ಲ ಮರುಗಿತು. ಅದೇ ವರ್ಷ ಜೂನಿನಲ್ಲಿ, ಆ ಸ್ಪೈಡರ್‌ಮ್ಯಾನ್‌ನನ್ನು ಬಿಡಿಸಿದ ಚಿತ್ರಕಾರ ಸ್ಟೀವ್ ಡಿಟ್ಕೊ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಸತ್ತದ್ದು ಹೊರಗಿನವರಿಗೆ ತಿಳಿಯಲಿಕ್ಕೇ ಕೆಲವು ದಿನ ಬೇಕಾಯಿತು. ಡಿಟ್ಕೊ ಸಂದರ್ಶನ ಕೊಡದ, ಫೋಟೊಕ್ಕೆ ನಿಲ್ಲದ ಮನುಷ್ಯ. ಆ ಮಟ್ಟಿಗೆ ಇದು ಅವನೇ ಆರಿಸಿಕೊಂಡ ಅಜ್ಞಾತವಾಸ. ನನ್ನ ತಕರಾರು ಬೇರೆ. ಲೀಯ ಹೆಸರಿನ ನೆರಳಲ್ಲಿ ‘ಮಾರ್ವೆಲ್ ಪದ್ಧತಿ’ ಎಂಬುದಕ್ಕೂ ಒಂದು ಕೀರ್ತಿ ಬೆಳೆದುನಿಂತಿದೆ. ಬರಹಗಾರ ಮತ್ತು ಚಿತ್ರಕಾರ ಸಮಾನರಾಗಿ, ಸಂತೋಷದಿಂದ ಕೂಡಿ ಕಟ್ಟಿದ ಸೃಷ್ಟಿಕ್ರಮ ಅದು ಎಂದು ಕಾಮಿಕ್ಸ್ ಬಗ್ಗೆ ಬರೆಯುವವರು ಇವತ್ತಿಗೂ ಹೇಳುತ್ತಾರೆ. ಇದು ಸುಳ್ಳಿಗೆ ತೀರ ಹತ್ತಿರದ ಮಾತು.

ಪದ್ಧತಿ ಗೊತ್ತಿದ್ದದ್ದೇ. ಲೀ ಕಥೆಯ ಎಳೆ ಹೇಳುತ್ತಿದ್ದ, ಕೆಲವೊಮ್ಮೆ ಹಾಳೆಯಲ್ಲಿ, ಕೆಲವೊಮ್ಮೆ ಬರೀ ಬಾಯಲ್ಲಿ. ಚಿತ್ರಕಾರ ಅದನ್ನು ಇಪ್ಪತ್ತು ಪುಟಕ್ಕೆ ಹರಡಿ ಬಿಡಿಸಿ ತರುತ್ತಿದ್ದ. ಆಮೇಲೆ ಲೀ ಬಲೂನುಗಳಿಗೆ ಮಾತು ತುಂಬುತ್ತಿದ್ದ. ತಿಂಗಳು ತಿಂಗಳೂ ಹಲವು ಪುಸ್ತಕಗಳನ್ನು ಒಬ್ಬನೇ ಹೊರತರಬೇಕಾದ ಸಂಪಾದಕನ ಅನುಕೂಲಕ್ಕೆ ಹುಟ್ಟಿಕೊಂಡ ಏರ್ಪಾಡು. ಮಾತಿಗೆ ಲೀಗೆ ದುಡ್ಡು, ಚಿತ್ರಕ್ಕೆ ಚಿತ್ರಕಾರನಿಗೆ ದುಡ್ಡು. ನಡುವೆ ನಡೆಯುವ ಕಥೆ ಕಟ್ಟುವ ಕೆಲಸಕ್ಕೆ ಲೆಕ್ಕದ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಇದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಚಿತ್ರಕಾರ ವ್ಯಾಲಿ ವುಡ್ ಒಬ್ಬ. 1965ರಲ್ಲಿ ‘ಡೇರ್‌ಡೆವಿಲ್’ನ ಹತ್ತನೆಯ ಸಂಚಿಕೆಯನ್ನು ಅವನು ತಾನೇ ಬರೆದ. ಲೀ ಬಿಟ್ಟುಕೊಟ್ಟನೇನೋ ಸರಿ, ಆದರೆ ಮೊದಲ ಪುಟದಲ್ಲೇ ಅದರ ಮೇಲೊಂದು ಕೊಂಕು ನುಡಿ ಅಚ್ಚು ಹಾಕಿಸಿದ. ಇನ್ನೊಬ್ಬ ಚಿತ್ರಕಾರ ಜ್ಯಾಕ್ ಕರ್ಬಿ ‘ಫೆಂಟಾಸ್ಟಿಕ್ ಫೋರ್’ ಕಥೆಗೆ ಸಿಲ್ವರ್ ಸರ್ಫರ್ ಎಂಬ ಪಾತ್ರವನ್ನೇ ಸೇರಿಸಿ ತಂದಾಗ, ಪುಟ ನೋಡುವ ತನಕ ಅಂಥವನೊಬ್ಬನಿದ್ದಾನೆಂದು ಲೀಗೆ ತಿಳಿದಿರಲಿಲ್ಲ. ಇದನ್ನು ಲೀಯೇ ನಗುನಗುತ್ತಾ ಹೇಳಿಕೊಂಡಿದ್ದಾನೆ. ನಗುವ ಹಕ್ಕು ಅವನಿಗಿತ್ತು. ಬರಹಗಾರನ ಸಂಬಳ ಅವನದೇ ಆಗಿತ್ತಲ್ಲ.

‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ನ 33ನೆಯ ಸಂಚಿಕೆಗೆ ಬರೋಣ. ಮುಖಪುಟದ ತಾರೀಖು 1966ರ ಫೆಬ್ರುವರಿ. ಆ ಹೊತ್ತಿಗೆ ಡಿಟ್ಕೊ ಮತ್ತು ಲೀ ಪರಸ್ಪರ ಮಾತು ಬಿಟ್ಟಿದ್ದರು. ಸ್ಪೈಡರ್‌ಮ್ಯಾನ್ ಕಥೆಯನ್ನು ಈಗ ತಾನು ಹೆಣೆಯುತ್ತಿಲ್ಲ, ಡಿಟ್ಕೊನೇ ಹೆಣೆಯುತ್ತಾನೆ ಎಂದು ಲೀ ಆ ಜನವರಿಯಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಹೇಳಿಯೂ ಇದ್ದ. ಅಂದರೆ ಸಂತೋಷದ ಸಹಯೋಗಕ್ಕೆ ಉದಾಹರಣೆಯೆಂದು ಎಲ್ಲರೂ ಎತ್ತಿ ತೋರಿಸುವ ಸಂಚಿಕೆ ಮುಖ ನೋಡದ ಇಬ್ಬರಿಂದ ಬಂದದ್ದು.

ನದಿಯ ತಳದಲ್ಲೊಂದು ಅಡಗುದಾಣ. ಬೆಟ್ಟದಂಥ ಯಂತ್ರವೊಂದು ಮೈಮೇಲೆ ಕುಸಿದು ಸ್ಪೈಡರ್‌ಮ್ಯಾನ್ ಸಿಕ್ಕಿಬಿದ್ದಿದ್ದಾನೆ. ದೊಡ್ಡಮ್ಮ ಮೇ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಳೆ. ಅವಳನ್ನು ಉಳಿಸಬಲ್ಲ ಔಷಧದ ಡಬ್ಬಿ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುವುದಿಲ್ಲ. ಚಾವಣಿ ಒಡೆದು ನೀರು ಒಳಗೆ ಬರುತ್ತಿದೆ. ಕಥೆಯ ಲೆಕ್ಕದಲ್ಲಿ ಮುಂದಿನ ಘಟನೆ ಒಂದೇ: ಅವನು ಯಂತ್ರವನ್ನು ಎತ್ತಿ ಹೊರಬರುತ್ತಾನೆ. ಸಾರಾಂಶದಲ್ಲಿ ಅದಕ್ಕೆ ಒಂದು ಸಾಲು ಸಾಕು, ಸಾಮಾನ್ಯ ಚಿತ್ರಕಾರನಿಗೆ ಎರಡು ಚೌಕ. ಡಿಟ್ಕೊ ಐದು ಪುಟ ತೆಗೆದುಕೊಂಡ, ಸಂಚಿಕೆಯ ಕಾಲು ಭಾಗ.

ಆ ಪುಟಗಳನ್ನು ಬಲೂನುಗಳ ಮೇಲೆ ಬೆರಳಿಟ್ಟು ಮುಚ್ಚಿಕೊಂಡು ನೋಡಬೇಕು. ಮೊದಲು ಪುಟ ತುಂಬ ಯಂತ್ರ, ಅದರಡಿ ಮುದುಡಿದ ಸಣ್ಣ ದೇಹ. ಆಮೇಲೆ ಚೌಕಗಳು ಕಿರಿದಾಗುತ್ತವೆ. ಪುಟದ ಇಕ್ಕಟ್ಟೇ ಅವನ ಇಕ್ಕಟ್ಟು. ಒಮ್ಮೆ ತಳ್ಳುತ್ತಾನೆ, ಆಗುವುದಿಲ್ಲ. ದೊಡ್ಡಪ್ಪ ಬೆನ್ ಮತ್ತು ದೊಡ್ಡಮ್ಮನ ಮುಖಗಳು ಅವನ ತಲೆಯ ಮೇಲೆ ಮೂಡುತ್ತವೆ. ಮತ್ತೆ ತಳ್ಳುತ್ತಾನೆ. ಇಲ್ಲಿಂದ ಚೌಕಗಳು ಹಿಗ್ಗತೊಡಗುತ್ತವೆ. ಬೆನ್ನು ಬಾಗಿದ್ದವನು ಮಂಡಿಗೆ ಬರುತ್ತಾನೆ, ಯಂತ್ರ ಕೂದಲೆಳೆಯಷ್ಟು ಮೇಲೇಳುತ್ತದೆ, ಚೌಕ ಅಷ್ಟೇ ದೊಡ್ಡದಾಗುತ್ತದೆ. ಐದನೆಯ ಪುಟಕ್ಕೆ ಹೊರಳಿಸಿದರೆ ಚೌಕಗಳೇ ಇಲ್ಲ, ಇಡೀ ಪುಟ ಒಂದೇ ಚಿತ್ರ: ಯಂತ್ರ ತಲೆಯ ಮೇಲೆ, ನೀರು ಸುತ್ತ, ಅವನು ನೆಟ್ಟಗೆ. ಎತ್ತಿದ್ದು ಸ್ನಾಯುವಲ್ಲ, ಪುಟದ ವಿನ್ಯಾಸ. ಓದುಗನ ಕಣ್ಣು ಇಕ್ಕಟ್ಟಿನಿಂದ ಬಯಲಿಗೆ ಬರಲು ಹಿಡಿಯುವ ಹೊತ್ತು, ಮುಖವಾಡದೊಳಗಿನ ಪೀಟರ್ ಪಾರ್ಕರ್ ಹೊರಬರಲು ಹಿಡಿಯುವ ಹೊತ್ತು, ಎರಡನ್ನೂ ಒಂದೇ ಮಾಡಿದ್ದಾನೆ ಡಿಟ್ಕೊ. ಯಾವ ಗಳಿಗೆಯನ್ನು ಹಿಗ್ಗಿಸಬೇಕು, ಯಾವುದನ್ನು ಜಿಗಿಯಬೇಕು ಎಂಬ ತೀರ್ಮಾನವೇ ಕಥನವಲ್ಲದಿದ್ದರೆ ಕಥನ ಇನ್ನೇನು? ಅದನ್ನು ತೀರ್ಮಾನಿಸಿದ್ದು ಪೆನ್ಸಿಲ್ ಹಿಡಿದ ಕೈ.

ಬೆರಳು ತೆಗೆದು ಬಲೂನುಗಳನ್ನು ಓದಿ. ಭಾರ ಹೆಚ್ಚಿದೆ ಎಂದು ಹೇಳುತ್ತವೆ, ಭಾರ ಕಾಣುತ್ತಿದೆ. ದೊಡ್ಡಪ್ಪನ ಸಾವಿನ ಪಾಪಪ್ರಜ್ಞೆಯನ್ನು ನೆನಪಿಸುತ್ತವೆ, ಮುಖವೇ ಅಲ್ಲಿ ಮೂಡಿದೆ. ಬಿಟ್ಟುಕೊಡಲಾರೆ ಎನ್ನುತ್ತವೆ, ಮಂಡಿ ಆಗಲೇ ಅದನ್ನು ಹೇಳಿಯಾಯಿತು. ಲೀಯ ಮಾತು ಕೆಟ್ಟದ್ದಲ್ಲ, ಹದಿನಾಲ್ಕರ ಹುಡುಗನ ಕಿವಿಗೆ ಅದರ ಲಯ ಹಿಡಿಸುತ್ತದೆ. ಆದರೆ ಅದು ವ್ಯಾಖ್ಯಾನ. ನಮ್ಮ ತಾಳಮದ್ದಳೆ ಕಂಡವರಿಗೆ ಇದರಲ್ಲಿ ಗೊಂದಲವೇ ಇರಬಾರದು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲೆಂದೇ ಜನ ರಾತ್ರಿಯಿಡೀ ಕೂತಿರುತ್ತಿದ್ದರು. ಹಾಗೆಂದು ಪಾರ್ತಿಸುಬ್ಬನ ಪ್ರಸಂಗವನ್ನು ಯಾರೂ ಶೇಣಿಯವರ ಹೆಸರಿಗೆ ಬರೆದುಕೊಡಲಿಲ್ಲ. ಲೀ ಅರ್ಥಧಾರಿ, ಬೇಕಾದರೆ ಒಳ್ಳೆಯ ಅರ್ಥಧಾರಿ ಎನ್ನಿ. ಪ್ರಸಂಗ ಡಿಟ್ಕೊನದು. ಆ ದಿನಗಳ ಸಂಚಿಕೆಗಳಲ್ಲಿ ಕಥಾಹಂದರಕ್ಕೆ ಡಿಟ್ಕೊನ ಹೆಸರೂ ಅಚ್ಚಾಗಿದೆ, ಅದಕ್ಕಾಗಿ ಅವನು ಹೋರಾಡಬೇಕಾಯಿತು. ಆದರೂ ಬರಹಗಾರನ ಪಟ್ಟ ಅಲ್ಲಾಡಲಿಲ್ಲ.

ಇಷ್ಟು ಸ್ಪಷ್ಟವಾದದ್ದು ವಿಮರ್ಶಕರಿಗೆ ಏಕೆ ಕಾಣುವುದಿಲ್ಲ? ಲೀಯ ಅಭಿಮಾನಿಗಳನ್ನು ಬಿಡಿ. ನನಗೆ ಸಿಟ್ಟಿರುವುದು ಕಾಮಿಕ್ಸನ್ನು ‘ಸಾಹಿತ್ಯ’ವಾಗಿ ಎತ್ತಿ ಹಿಡಿಯಲು ಹೊರಟ ಗಂಭೀರರ ಮೇಲೆ. ಅವರ ಕುಲದೇವರು ಆ್ಯಲನ್ ಮೂರ್. ‘ವಾಚ್‌ಮೆನ್’ಗೆ (1986–87) ಮೂರ್ ಬರೆದ ಸ್ಕ್ರಿಪ್ಟು ಒಂದೊಂದು ಚೌಕವನ್ನೂ ಉದ್ದುದ್ದ ವಿವರಿಸುತ್ತದೆ: ಬೆಳಕು ಎಲ್ಲಿಂದ, ಮೇಜಿನ ಮೇಲೆ ಏನು, ಕಿಟಕಿಯಾಚೆ ಏನು. ಇದೇ ನಿಜವಾದ ಕರ್ತೃತ್ವ, ಇಲ್ಲಿ ಲೇಖಕನೊಬ್ಬನ ಮನಸ್ಸು ಪುಟವನ್ನು ಆಳುತ್ತದೆ ಎಂದು ಈ ಪಂಗಡದ ವಾದ. ಲೀಯನ್ನು ಇವರು ಅಂಗಡಿಯವನೆಂದು ಹಂಗಿಸುತ್ತಾರೆ, ಆದರೆ ಲೀಯ ಮೂಲನಂಬಿಕೆ ಇವರದ್ದೂ ಹೌದು: ಟೈಪ್‌ರೈಟರ್ ಮುಂದೆ ಕೂತವನೇ ಕರ್ತೃ. ‘ವಾಚ್‌ಮೆನ್’ನ ಬೆನ್ನೆಲುಬಾದ ಒಂಬತ್ತು ಚೌಕಗಳ ಪುಟವಿನ್ಯಾಸದಲ್ಲಿ ಚಿತ್ರಕಾರ ಡೇವ್ ಗಿಬ್ಬನ್ಸ್‌ನ ತೀರ್ಮಾನ ಎಷ್ಟಿದೆ ಎಂಬುದನ್ನು ಇವರು ಅಡಿಟಿಪ್ಪಣಿಗೆ ತಳ್ಳುತ್ತಾರೆ. ತಮಾಷೆಯೆಂದರೆ ಆ ಒಂಬತ್ತು ಚೌಕ ಡಿಟ್ಕೊ ಹಿಂದೆಯೇ ಚೆನ್ನಾಗಿ ಪಳಗಿಸಿಕೊಂಡಿದ್ದ ಅಸ್ತ್ರ. ಆ ಕೃತಿಯ ರೋರ್‌ಶಾಕ್ ಎಂಬ ಪಾತ್ರ ಡಿಟ್ಕೊನ ‘ಕ್ವೆಶ್ಚನ್’ ಮತ್ತು ‘ಮಿಸ್ಟರ್ ಎ’ಗಳಿಂದ ಹುಟ್ಟಿದ್ದು. ಚಾರ್ಲ್ಸ್ ಹ್ಯಾಟ್‌ಫೀಲ್ಡ್ 2011ರಲ್ಲಿ ಕರ್ಬಿಯ ಮೇಲೆ ತಂದ ಪುಸ್ತಕ, ಬಿಡಿಸುವುದನ್ನೇ ಕಥೆ ಹೇಳುವ ಕ್ರಿಯೆಯಾಗಿ ನೋಡಿತು. ಅದನ್ನು ಓದಿದವರು ತಲೆದೂಗಿ, ಮರುದಿನ ಮತ್ತೆ ಸ್ಕ್ರಿಪ್ಟಿನ ಗುಣಗಾನಕ್ಕೆ ಕೂತರು.

ಎದುರು ಪಂಗಡದವರೂ ಕಡಿಮೆಯೇನಲ್ಲ. ಲೀ ಏನನ್ನೂ ಬರೆದೇ ಇಲ್ಲ ಎಂದು ಕರ್ಬಿ 1990ರ ಸಂದರ್ಶನದಲ್ಲಿ ಹೇಳಿದ್ದನ್ನು ಅವರು ವೇದವಾಕ್ಯ ಮಾಡಿಕೊಂಡಿದ್ದಾರೆ. ಅದು ನೊಂದವನ ಮಾತು, ಪುರಾವೆಯಲ್ಲ. ಕರ್ಬಿ ಎಪ್ಪತ್ತರ ದಶಕದಲ್ಲಿ ಡಿಸಿ ಕಾಮಿಕ್ಸ್ ಕಂಪನಿಗೆ ಹೋಗಿ ತಾನೇ ಮಾತು ಬರೆದ ‘ನ್ಯೂ ಗಾಡ್ಸ್’ ಓದಿದರೆ ಸಂಭಾಷಣೆ ಹಲ್ಲಿಗೆ ಕಲ್ಲು ಸಿಕ್ಕಂತೆ. ಡಿಟ್ಕೊನ ಗತಿ ಇನ್ನೂ ಕಷ್ಟದ್ದು. ಐನ್ ರ‍್ಯಾಂಡ್‌ಳ ತತ್ವಕ್ಕೆ ಮಾರುಹೋಗಿ ಅವನು 1967ರಲ್ಲಿ ಶುರುಮಾಡಿದ ‘ಮಿಸ್ಟರ್ ಎ’ಯಲ್ಲಿ ಬಲೂನುಗಳು ಉಪನ್ಯಾಸದಿಂದ ಊದಿಕೊಂಡು ಚಿತ್ರವನ್ನು ಗೋಡೆಗೆ ಒತ್ತರಿಸುತ್ತವೆ. ಐದು ಪುಟ ಮಾತಿಲ್ಲದೆಯೂ ನಿಲ್ಲುವಂತೆ ಬಿಡಿಸಿದವನೇ ಮಾತಿನ ಹಾವಳಿಗೆ ಸಿಕ್ಕ. ಅವನನ್ನು ತಡೆಯುವ ಸಂಪಾದಕ ಬೇಕಿತ್ತು, ಒಪ್ಪುತ್ತೇನೆ. ಸಂಪಾದಕ ಬೇಕಿತ್ತು ಎಂಬುದರಿಂದ ಸಂಪಾದಕನೇ ಕಥೆಗಾರ ಎಂದಾಗುವುದಿಲ್ಲ.

ಪದ್ಧತಿಯದೇ ಮಹಿಮೆ ಎನ್ನುವವರಿಗೆ ಪರೀಕ್ಷೆಯೊಂದು ಸಿದ್ಧವಾಗಿಯೇ ಇದೆ. 38ನೆಯ ಸಂಚಿಕೆ ಮುಗಿಸಿ ಡಿಟ್ಕೊ ಹೊರನಡೆದ. 39ರಿಂದ, ಪ್ರೇಮಕಥೆಗಳ ಕಾಮಿಕ್ಸ್ ಬಿಡಿಸಿ ಪಳಗಿದ್ದ ಜಾನ್ ರೊಮಿಟಾ ಬಂದ. ಲೀ ಅವನೇ, ನಾಯಕ ಅವನೇ, ಪದ್ಧತಿಯೂ ಅದೇ. ಮುಖಗಳು ಚೆಲುವಾದವು, ಹುಡುಗಿಯರು ಇನ್ನೂ ಚೆಲುವೆಯರಾದರು, ಪುಸ್ತಕ ಹಿಂದಿಗಿಂತ ಜನಪ್ರಿಯವಾಯಿತು. ಆ ಕಾಲದ್ದು ಎಲ್ಲರ ನೆನಪಿನಲ್ಲಿ ಉಳಿದ ಪುಟವೊಂದಿದೆ, 50ನೆಯ ಸಂಚಿಕೆಯಲ್ಲಿ ಕಸದ ಡಬ್ಬಿಗೆ ಬಿದ್ದ ಸ್ಪೈಡರ್‌ಮ್ಯಾನ್ ಉಡುಪು. ಒಳ್ಳೆಯ ಚಿತ್ರ, ಆದರೆ ನಿಂತ ಚಿತ್ರ. ಗಳಿಗೆಯೊಂದನ್ನು ಐದು ಪುಟಕ್ಕೆ ಎಳೆದು ಓದುಗನ ಉಸಿರನ್ನು ಅದಕ್ಕೆ ಕಟ್ಟಿಹಾಕುವ ಕೆಲಸವನ್ನು ಅದೇ ಪದ್ಧತಿ, ಅದೇ ಲೀ, ಆ ಪುಸ್ತಕದಲ್ಲಿ ಮತ್ತೆ ಮಾಡಿ ತೋರಿಸಲಿಲ್ಲ.